ಪರದೆ ಮೂಲೆಯ ಚೀಟಿ

ಆ ಚೀಟಿ ಕಂಡರೆ ನಾಗಲಿಂಗಪ್ಪನಿಗೆ ಮೈ ಉರಿಯುತ್ತಿತ್ತು. ಹಳಿಯಾಳದ ಬಸ್ ಸ್ಟ್ಯಾಂಡಿನ ಹತ್ತಿರ ಅವನ ಕಂಪ್ಯೂಟರ್ ತರಬೇತಿ ಕೇಂದ್ರ. ಬೋರ್ಡಿನ ಮೇಲೆ ಅವನ ಹೆಸರು, ರಸೀದಿಯ ಮೇಲೆ ಅವನ ಹೆಸರು, ಗೋಡೆಯ ಕ್ಯಾಲೆಂಡರಿನ ಮೇಲೂ ಅವನದೇ ಹೆಸರು. ಆದರೆ ಆಗಾಗ ಕ್ಲಾಸಿನ ಅಷ್ಟೂ ಪರದೆಗಳ ಬಲಮೂಲೆಯಲ್ಲಿ ಟಿಣ್ ಎಂದು ಹಳದಿ ಚೀಟಿಯೊಂದು ಮೇಲೇಳುತ್ತಿತ್ತು: ‘ತುಳಜಾ ಬಂದಾಳ. ಹೊಸ ಅಪ್‌ಡೇಟ್ ತಂದಾಳ. ತಗೋರಿ.’ ಕಲಿಯಲು ಬಂದವರು ಕಿಸಕ್ಕನೆ ನಕ್ಕು ಅದರ ಮೇಲೆ ಕ್ಲಿಕ್ ಮಾಡುತ್ತಿದ್ದರು. ಮಾಲೀಕನ ಹೆಸರು ಒಂದು ದಿನವೂ ಆ ಮೂಲೆಯಲ್ಲಿ ಮೂಡಲಿಲ್ಲ.

ತುಳಜಾ ಎಂದರೆ ಅಲ್ಲಿ ಕಲಿಸುತ್ತಿದ್ದ ಮಾಸ್ತರ ಸುದೀಪನ ಸ್ವಂತ ಕಂಪ್ಯೂಟರು. ಸುದೀಪ ಮುಂಡಗೋಡ ಕಡೆಯ ತಾಂಡಾದವನು. ಅವನ ಅಕ್ಕ ತುಳಜಾ ಕಬ್ಬು ಕಡಿಯಲು ಹೋಗಿ ದುಡಿದು ಅದನ್ನು ಕೊಡಿಸಿದ್ದಳು, ಅದಕ್ಕೇ ಆ ಹೆಸರು. ಅಂಚೆಯಲ್ಲಿ ಪುಕ್ಕಟೆ ಬರುತ್ತಿದ್ದ, ಕಂಪ್ಯೂಟರು ನಡೆಸುವ ಲಿನಕ್ಸ್ ತಂತ್ರಾಂಶದ ಸಿಡಿ ತರಿಸಿ ಕ್ಲಾಸಿನ ಕಂಪ್ಯೂಟರುಗಳಿಗೆಲ್ಲ ಹಾಕಿದವನೂ ಅವನೇ. ಫೋನ್ ಲೈನು ಸಣ್ಣದು. ಎಲ್ಲವೂ ಒಟ್ಟಿಗೆ ಅಪ್‌ಡೇಟ್ ಎಳೆಯತೊಡಗಿದರೆ ಸಂಜೆಯಾದರೂ ಮುಗಿಯದು. ಹಾಗಾಗಿ ತುಳಜಾ ಒಬ್ಬಳೇ ಎಲ್ಲವನ್ನೂ ಇಳಿಸಿಕೊಂಡು, ಆಮೇಲೆ ಕೋಣೆಯ ಉಳಿದ ಕಂಪ್ಯೂಟರುಗಳಿಗೆ ಚೀಟಿ ಕಳಿಸುವಂತೆ ಮಾಡಿದ್ದ. “ಒಬ್ಬಾಕಿ ಪ್ಯಾಟಿಗೆ ಹೋಗಿ ಓಣಿಯವರದೆಲ್ಲಾ ಸಂತಿ ತಂದಂಗ್ರಿ ಸರ್” ಎಂದು ವಿವರಿಸಿದ್ದ. ನಾಗಲಿಂಗಪ್ಪ ತಲೆಯಾಡಿಸಿದ್ದ, ಆದರೆ ಹೊಟ್ಟೆಯೊಳಗೆ ಕಿಚ್ಚು.

ಸುದೀಪ ಕೆಲಸ ಬಿಟ್ಟು ದಾಂಡೇಲಿಯಲ್ಲಿ ತನ್ನದೇ ಕೇಂದ್ರ ತೆರೆದಾಗ ತುಳಜಾಳೂ ಅವನ ಸಂಗಡ ಹೋದಳು. ಅಂದಿನಿಂದ ಚೀಟಿ ಬರುವುದು ನಿಂತಿತು. ಹೋಗುವಾಗ ಅದನ್ನೂ ಕಿತ್ತುಕೊಂಡು ಹೋಗಿದ್ದಾನೆ ಎಂದುಕೊಂಡು ನಾಗಲಿಂಗಪ್ಪ ನಿಟ್ಟುಸಿರುಬಿಟ್ಟ. ಪೀಡೆ ತೊಲಗಿತು.

ಆ ನೆಮ್ಮದಿ ಹೆಚ್ಚು ದಿನ ಬಾಳಲಿಲ್ಲ. ಸುದೀಪ ಕನ್ನಡ ಮಕ್ಕಳಿಗೆ ಕಂಪ್ಯೂಟರು ಕಲಿಸುವ ಪಾಠಗಳನ್ನು ವರ್ಷಗಟ್ಟಲೆ ಕೂತು ತಯಾರಿಸಿದ್ದ. ಪರದೆಯ ಮೇಲೆ ಮಂಗಟ್ಟೆ ಹಕ್ಕಿ ಹಾರಿ ಬಂದು ಅಕ್ಷರದ ಮೇಲೆ ಕೂರುತ್ತಿತ್ತು, ಮಕ್ಕಳು ಆ ಕೀಲಿ ಒತ್ತಿದರೆ ಹಣ್ಣು ತಿನ್ನುತ್ತಿತ್ತು. ಸುತ್ತಲಿನ ನಾಲ್ಕು ತಾಲೂಕುಗಳಲ್ಲಿ ಶಾಲೆ ನಡೆಸುವ ಟ್ರಸ್ಟೊಂದು ಅದನ್ನು ಒಪ್ಪಿಕೊಂಡಿತು. ಇನ್ನು ಜೋಯಿಡಾದ ಕಾಡಿನ ಶಾಲೆಯಲ್ಲೂ ಮೊದಲ ಪುಟದಲ್ಲಿ ಸುದೀಪನ ಹೆಸರು ಇರುತ್ತದೆ. ನಾಗಲಿಂಗಪ್ಪನಿಗೆ ಊಟ ರುಚಿಸಲಿಲ್ಲ. ಆ ಪಾಠಗಳನ್ನು ಶುರು ಮಾಡಿದ್ದು ಯಾರ ಫ್ಯಾನಿನ ಕೆಳಗೆ? ಯಾರ ಕರೆಂಟಿನಲ್ಲಿ? ಕುರ್ಚಿ ಕೊಟ್ಟವನು ತಾನು, ಹಾರ ಹಾಕಿಸಿಕೊಳ್ಳುವವನು ಅವನು!

ಸಿಟ್ಟು ಇಳಿದ ಮೇಲೆ ತಲೆ ತಣ್ಣಗೆ ಓಡತೊಡಗಿತು. ಕದ್ದರೆ ಕಳುವಾಯಿತೆಂದು ಗೊತ್ತಾಗುತ್ತದೆ, ಪೊಲೀಸರು ಬರುತ್ತಾರೆ. ಕಳುವಾದದ್ದೇ ಗೊತ್ತಾಗದಂತೆ ಕದಿಯಬೇಕು. ತುಳಜಾಳ ಹೊಟ್ಟೆಯಲ್ಲಿರುವ ಹಾರ್ಡ್‌ಡಿಸ್ಕ್ ತೆಗೆದು, ಅದೇ ಕಂಪನಿಯ ಸತ್ತ ಡಿಸ್ಕೊಂದನ್ನು ಅಲ್ಲಿ ಕೂರಿಸಿಬಿಟ್ಟರೆ? ಅಂಥ ಸತ್ತ ಡಿಸ್ಕುಗಳು ಅವನ ಅಟ್ಟದ ಮೇಲೆ ಬೇಕಾದಷ್ಟಿದ್ದವು. ಕಾಳಿ ನದಿಯ ಕರೆಂಟು ನಾಡಿಗೆಲ್ಲ ಹೋಗುತ್ತದೆ, ದಾಂಡೇಲಿಯ ಅಂಗಡಿಗಳಲ್ಲಿ ಮಾತ್ರ ಕಣ್ಣಾಮುಚ್ಚಾಲೆ ಆಡುತ್ತದೆ. ಡಿಸ್ಕ್ ಸುಟ್ಟಿತೆಂದರೆ ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ಬೇರೆ ಕಾಪಿ? ಅದೂ ಇಲ್ಲ. ಜೋಯಿಡಾದ ಗೆಳೆಯನ ಮನೆಯಲ್ಲಿಟ್ಟಿದ್ದ ಸಿಡಿಗಳಿಗೆಲ್ಲ ಮಳೆಗಾಲದಲ್ಲಿ ಬೂಷ್ಟು ಹಿಡಿದಿದ್ದನ್ನು ಸುದೀಪನೇ ನಗುತ್ತ ಹೇಳಿದ್ದ. ಹೊಸ ಕಾಪಿ ಇನ್ನೂ ಮಾಡಿರಲಿಲ್ಲ, ಟ್ರಸ್ಟಿಗೂ ಕೊಟ್ಟಿರಲಿಲ್ಲ.

ನಾಗಲಿಂಗಪ್ಪ ಮನೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಮುಂದಿಟ್ಟುಕೊಂಡು ಡಿಸ್ಕ್ ಬಿಚ್ಚಿ ಹಾಕುವುದನ್ನು ಅಭ್ಯಾಸ ಮಾಡಿದ. ಕಣ್ಣು ಮುಚ್ಚಿಯೂ ಮಾಡಿದ. ದಾಂಡೇಲಿಯಲ್ಲಿ ರಿಪೇರಿಗಾಗಿ ಕರೆಂಟ್ ತೆಗೆಯುವ ದಿನ ಯಾವುದೆಂದು ವಿಚಾರಿಸಿಕೊಂಡು, ಅಂದೇ ಮಧ್ಯಾಹ್ನ ಚೀಲದಲ್ಲಿ ಪೇಢೆಯ ಪೊಟ್ಟಣ, ಅದರ ಕೆಳಗೆ ಸತ್ತ ಡಿಸ್ಕ್, ಸ್ಕ್ರೂಡ್ರೈವರ್ ಇಟ್ಟುಕೊಂಡು ಬಸ್ ಹತ್ತಿದ.

ಸುದೀಪ ಬಾಗಿಲಿಗೇ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ.

“ಬರ್ರಿ ಸರ್, ಒಳಗ ಬರ್ರಿ. ಕರೆಂಟ್ ಈಗ ಹೋತು ನೋಡ್ರಿ. ತುಳಜಾ ಮುಂಜಾನೆಯಿಂದ ಎಳದು ಈಗಷ್ಟ ಅಪ್‌ಡೇಟ್ ತಂದಿಟ್ಟಾಳ, ಉಳದಾವಕ್ಕ ಹೇಳೂದ್ರಾಗ ಎಲ್ಲಾ ಬಂದ್ ಆತು.”

“ಇರ್ಲಿ ಬಿಡಪಾ, ಕರೆಂಟ್ ಬಂದ ಮ್ಯಾಲೆ ಹೇಳ್ತಾಳ” ಎಂದ ನಾಗಲಿಂಗಪ್ಪ. ಅವನ ಕಣ್ಣು ತುಳಜಾಳ ಡಬ್ಬಿಯ ಸ್ಕ್ರೂಗಳ ಮೇಲಿತ್ತು. “ಒಂದೀಟು ಚಹಾ ಸಿಗ್ತೈತೇನು?”

ಸುದೀಪ ಚಹಾ ತರಲು ಓಡಿದ. ಡಬ್ಬಿಯ ಪಕ್ಕದ ತಗಡು ಸರಿಯಿತು. ನಾಗಲಿಂಗಪ್ಪ ವೈರು ಕಿತ್ತ, ಡಿಸ್ಕ್ ಎಳೆದ, ಸತ್ತದ್ದನ್ನು ಒಳಗೆ ದಬ್ಬಿ ಸ್ಕ್ರೂ ತಿರುಗಿಸತೊಡಗಿದ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಪಕ್ಕದ ಸೈಕಲ್ ಅಂಗಡಿಯ ಲಗಮಪ್ಪ.

“ಸಾಹೇಬ್ರ, ಕೈಯಾಗಿಂದು ಸ್ಕ್ರೂಡ್ರೈವರ್ ಸ್ವಲ್ಪ ಕೊಡ್ತೀರೇನು? ನಂದು ಎಲ್ಲಿ ಬಿದ್ದೈತೋ ಏನೋ.”

ತುಳಜಾಳ ಡಿಸ್ಕ್ ನಾಗಲಿಂಗಪ್ಪನ ತೊಡೆಯ ಮೇಲಿತ್ತು. ಅದರ ಮೇಲೆ ಕರವಸ್ತ್ರ ಎಳೆದುಕೊಂಡು, ನಗುತ್ತ, ಸ್ಕ್ರೂಡ್ರೈವರನ್ನು ಚಾಚಿದ. “ತಗೋರಿ. ಧೂಳ ಹೊಡಿಯಾಕತ್ತಿದ್ದೆ. ನಮ್ಮ ಹುಡುಗ ಮಷಿನ್ ಬಗ್ಗೆ ಕಾಳಜಿ ಮಾಡೂದಿಲ್ರಿ.”

ಲಗಮಪ್ಪ ಹೋದ. ಉಳಿದ ಸ್ಕ್ರೂವನ್ನು ನಾಗಲಿಂಗಪ್ಪ ಉಗುರಿನಿಂದಲೇ ಬಿಗಿದ. ಚಹಾ ಬರುವ ಹೊತ್ತಿಗೆ ಚೀಲದ ಬಾಯಿ ಕಟ್ಟಿತ್ತು, ಪೇಢೆಯ ಪೊಟ್ಟಣ ಮೇಜಿನ ಮೇಲಿತ್ತು.

ಅಂದು ಸಂಜೆಯೇ ಫೋನು ಬಂತು. “ಸರ್, ಎಲ್ಲಾ ಹೋತ್ರಿ. ಕರೆಂಟ್ ಬಂದ ಕೂಡ್ಲೆ ಡಿಸ್ಕ್ ಸುಟ್ಟೈತಿ. ಪಾಠ ಒಂದೂ ಉಳೀಲಿಲ್ಲ. ಅಕ್ಕಗ ಏನ್ ಹೇಳ್ಲಿ ನಾನು?” ಸುದೀಪ ಅಳುತ್ತಿದ್ದ. ನಾಗಲಿಂಗಪ್ಪ ಸಮಾಧಾನ ಹೇಳಿದ, ಮರುದಿನ ಮತ್ತೆ ದಾಂಡೇಲಿಗೆ ಹೋದ, ಹುಬ್ಬಳ್ಳಿಯಲ್ಲಿ ತೋರಿಸುತ್ತೇನೆಂದು ಆ ಸತ್ತ ಡಿಸ್ಕನ್ನೂ ಇಸಿದುಕೊಂಡ. ಬರುವ ದಾರಿಯಲ್ಲಿ ಅದನ್ನು ಸೇತುವೆಯ ಮೇಲಿಂದ ಕಾಳಿ ನದಿಗೆ ಎಸೆದ. ಗುರುತು ಹಿಡಿಯುವ ವಸ್ತುವೇ ಇಲ್ಲವಾಯಿತು.

ಕ್ಲಾಸಿನ ಹಿಂದಿನ ಕೋಣೆಗೆ ಬೀಗ ಹಾಕಿ ಕದ್ದ ಡಿಸ್ಕನ್ನು ಅಲ್ಲಿನ ಕಂಪ್ಯೂಟರಿಗೆ ಜೋಡಿಸಿದ. ಲಿನಕ್ಸ್ ಯಾವ ಡಬ್ಬಿಗೆ ಹಾಕಿದರೂ ಮುನಿಸಿಲ್ಲದೆ ಎದ್ದು ಕೂರುತ್ತದೆ. ಪಾಸ್‌ವರ್ಡ್ ಮರೆತವರು ಒಳಹೋಗುವ ದಾರಿಯನ್ನು ಸುದೀಪನೇ ಇದೇ ಕ್ಲಾಸಿನಲ್ಲಿ ಕಲಿಸಿದ್ದ, ನಾಗಲಿಂಗಪ್ಪ ಆ ದಾರಿಯಲ್ಲೇ ಹೋದ. ಹಕ್ಕಿ ಹಾರಿ ಬಂತು. ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಪರದೆಯ ಮೇಲಂಚಿನಲ್ಲಿ ಕಿತ್ತಳೆ ಬಣ್ಣದ ನಕ್ಷತ್ರವೊಂದು ಮೂಡಿತು: ಅಪ್‌ಡೇಟ್‌ಗಳು ಸಿದ್ಧವಾಗಿವೆ. ಈ ಡಿಸ್ಕ್ ಬದುಕಿರುವ ಸುದ್ದಿ ಇಂಟರ್ನೆಟ್ಟಿನಲ್ಲಿ ಎಲ್ಲಿಗೆ ಮುಟ್ಟುತ್ತದೋ ಯಾರಿಗೆ ಗೊತ್ತು! ಓಡಿಹೋಗಿ ಮೋಡೆಮ್ಮಿನಿಂದ ಫೋನಿನ ತಂತಿಯನ್ನೇ ಕಿತ್ತ. ಬಂದು ಸೆಟ್ಟಿಂಗ್ ಹುಡುಕಿ ಅಪ್‌ಡೇಟಿನ ಸೂಚನೆ ತೋರಿಸಬೇಡ ಎಂದು ಒತ್ತಿದ. ನಕ್ಷತ್ರ ಮಾಯವಾಯಿತು. ತುಳಜಾಳ ಬಾಯಿ ಮುಚ್ಚಿಸಿದೆ ಎಂದು ಅವನು ಒಬ್ಬನೇ ನಕ್ಕ.

ಪಾಠಗಳನ್ನು ಆ ಡಿಸ್ಕಿನಿಂದ ಕಿತ್ತು ಬೇರೆ ಕಡೆ ಹಾಕಿದರೆ ಓಡುತ್ತಿರಲಿಲ್ಲ. ಪರವಾಗಿಲ್ಲ. ಡಿಸ್ಕ್ ಹಿಂದಿನ ಕೋಣೆಯಲ್ಲೇ ಇರಲಿ, ಕ್ಲಾಸಿನ ಕಂಪ್ಯೂಟರುಗಳು ತಂತಿಯ ಮೂಲಕ ಪಾಠ ಎಳೆದುಕೊಳ್ಳಲಿ. ದಿನವಿಡೀ ಕಲಿಯುವವರು ಕೂರುವ ಆ ಕಂಪ್ಯೂಟರುಗಳಲ್ಲಿ ಪರೀಕ್ಷೆ ಮಾಡಿದರೆ ಸುದ್ದಿ ಹೊರಗೆ ಹೋದೀತು. ಅದಕ್ಕೆಂದೇ ಅಂಗಡಿಯಿಂದ ಹೊಚ್ಚಹೊಸ ಕಂಪ್ಯೂಟರೊಂದನ್ನು ತರಿಸಿ ಅದನ್ನೊಂದನ್ನೇ ಜೋಡಿಸಿ ನೋಡಿದ. ಎಲ್ಲವೂ ಸಲೀಸು. ಮೊದಲ ಪುಟದಲ್ಲಿ ಸುದೀಪನ ಹೆಸರು ಅಳಿಸಿ ತನ್ನದನ್ನು ಬರೆದ. ತುಸು ದೊಡ್ಡ ಅಕ್ಷರದಲ್ಲೇ ಬರೆದ.

ಟ್ರಸ್ಟಿನ ಕಾರ್ಯದರ್ಶಿ ಶಾಂತಾದೇವಿ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಅವನ ಮಾತು ನಂಬಿದರು. ಸುದೀಪ ಇಲ್ಲಿದ್ದಾಗಿನ ಹಳೆಯ ಕಾಪಿಯೊಂದು ಇಲ್ಲೇ ಉಳಿದಿತ್ತು, ಅದನ್ನು ತಾನು ಕೂತು ಪೂರ್ತಿ ಮಾಡಿದೆ ಎಂಬ ಕತೆಗೆ ಏನು ಕುಂದು? ಅಲ್ಲಗಳೆಯಲು ಸುದೀಪನ ಕೈಯಲ್ಲಿ ಏನೂ ಇರಲಿಲ್ಲ. ತನ್ನ ಕ್ಲಾಸಿನಲ್ಲೇ ಇಟ್ಟುಕೊಂಡ ಆ ಪಾಠಗಳ ಉದ್ಘಾಟನೆಗೆ ನಾಗಲಿಂಗಪ್ಪ ಅವನನ್ನೂ ಕರೆದ. ಮುಂದಿನ ಸಾಲಿನಲ್ಲೇ ಕೂರಿಸಿದ.

“ಹಳೇ ಕಾಪಿ ಉಳದಿತ್ತೇನ್ರಿ ಸರ್? ನೀವು ಆವಾಗ ಹೇಳಲೇ ಇಲ್ಲ” ಎಂದ ಸುದೀಪ. ಮುಖ ಬಾಡಿತ್ತು.

“ನನಗೂ ಆಮ್ಯಾಲೆ ಸಿಕ್ಕಿತಪಾ. ನಿನ್ನ ಹೆಸರೂ ಭಾಷಣದಾಗ ಹೇಳ್ತೇನಿ, ಚಿಂತಿ ಮಾಡಬ್ಯಾಡ.”

ದೀಪ ಹಚ್ಚಿದ್ದಾಯಿತು. ನಾಗಲಿಂಗಪ್ಪ ಹಿಂದಿನ ಕೋಣೆಗೆ ಹೋಗಿ ತಂತಿ ಕೂಡಿಸಿ, ಬೀಗ ಹಾಕಿಕೊಂಡು, ಕೀಲಿಯನ್ನು ಅಂಗಿಯ ಜೇಬಿಗೆ ಇಳಿಬಿಟ್ಟು ಬಂದ. ಪರದೆಗಳ ಮೇಲೆಲ್ಲ ಅವನ ಹೆಸರು ಬೆಳಗಿತು. ಹಕ್ಕಿ ಹಾರಿತು. ಶಾಂತಾದೇವಿ ಚಪ್ಪಾಳೆ ತಟ್ಟಿದರು, ಜನರೂ ತಟ್ಟಿದರು. ಸುದೀಪ ತಲೆ ತಗ್ಗಿಸಿ ಕೂತಿದ್ದ. ಇಷ್ಟು ವರ್ಷಗಳಲ್ಲಿ ನಾಗಲಿಂಗಪ್ಪ ಅಷ್ಟು ಹಗುರವಾಗಿ ನಿಂತದ್ದಿಲ್ಲ.

ಆಗ ಕ್ಲಾಸಿನ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಟಿಣ್ ಎಂದವು. ಪ್ರತಿಯೊಂದರ ಬಲಮೂಲೆಯಲ್ಲೂ ಹಳದಿ ಚೀಟಿ ಎದ್ದಿತು: ‘ತುಳಜಾ ಬಂದಾಳ. ಹೊಸ ಅಪ್‌ಡೇಟ್ ತಂದಾಳ. ತಗೋರಿ.’ ನಾಗಲಿಂಗಪ್ಪ ಮುಚ್ಚಿಸಿದ್ದು ತುಳಜಾ ತನ್ನ ಪರದೆಯ ಮೇಲೆ ತಾನೇ ಹೇಳಿಕೊಳ್ಳುವ ಮಾತನ್ನು ಮಾತ್ರ. ಕರೆಂಟ್ ಹೋದ ದಿನ ಉಳಿದವರಿಗೆ ಹೇಳಲಾಗದೆ ಉಳಿದಿದ್ದ ಸುದ್ದಿ ಡಿಸ್ಕಿನಲ್ಲಿ ಹಾಗೇ ಇತ್ತು. ಅದನ್ನು ಕೇಳಿಸಿಕೊಳ್ಳುವ ಏರ್ಪಾಡನ್ನು ಸುದೀಪ ಇಲ್ಲಿಂದ ಕಿತ್ತುಕೊಂಡೇ ಹೋಗಿರಲಿಲ್ಲ. ಇಷ್ಟು ದಿನ ಈ ಕೋಣೆಯಲ್ಲಿ ಹೇಳುವವಳೇ ಇರಲಿಲ್ಲ, ಅಷ್ಟೇ. ಪರೀಕ್ಷೆಗೆಂದು ತಂದ ಹೊಸ ಕಂಪ್ಯೂಟರಿಗೆ ಆ ಕಿವಿಯೇ ಇರಲಿಲ್ಲ. ಸುದೀಪ ತಲೆ ಎತ್ತಿದ. ಒಂದೊಂದಾಗಿ ಎಲ್ಲ ಪರದೆಗಳನ್ನೂ ನೋಡಿದ. ಆಮೇಲೆ ಗೋಡೆಗುಂಟ ಹೋಗಿದ್ದ ತಂತಿಯನ್ನು ಕಣ್ಣಲ್ಲೇ ಹಿಂಬಾಲಿಸಿ, ಎದ್ದು ನಡೆದು, ಬೀಗ ಹಾಕಿದ ಬಾಗಿಲ ಮುಂದೆ ನಿಂತ. “ಮೇಡಮ್ಮಾರ,” ಎಂದ ಶಾಂತಾದೇವಿಯವರಿಗೆ, “ಸುಟ್ಟು ಹೋದಾಕಿ ಇಲ್ಲೇ ಒಳಗ ಅದಾಳ್ರಿ. ಸರ್ ಜೇಬಿನ್ಯಾಗ ಕೀಲಿ ಐತಿ, ತಗಸ್ರಿ.”