ಬಾಯಿ ತೆರೆದ ನೆಲಗುಬ್ಬಿ

ಪೈವಳಿಕೆಯ ಮುರಕಲ್ಲಿನ ಪದವಿನಲ್ಲಿ, ಹುಲ್ಲು ಹಬ್ಬಿದ ಆ ಚಪ್ಪಟೆ ಗುಡ್ಡದ ನೆತ್ತಿಯಲ್ಲಿ, ಆ ವರ್ಷ ಕಂಡದ್ದು ಒಂದೇ ನೆಲಗುಬ್ಬಿಯ ಗೂಡು. ಅದರಲ್ಲಿ ಎರಡು ಮರಿಗಳು ಸತ್ತು ಬಿದ್ದಿದ್ದವು. ಗೂಡನ್ನು ಮುಚ್ಚಿದ್ದ ಹುಲ್ಲು ಮಾಯವಾಗಿತ್ತು. ಮರಿಗಳು ಬಿಸಿಲಿಗೆ ಬೆಂದವು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಹುಲ್ಲು ತಿಂದದ್ದು ಅಲ್ಲಿ ದನ ಮೇಯಿಸುವ ಅಮ್ಮಣಿಯ ದನ ಎಂಬುದರಲ್ಲೂ ಇರಲಿಲ್ಲ. ಸಂಜೆ ಪದವಿನ ಹಕ್ಕಿಧಾಮದ ಸಮಿತಿ ಸೇರಿ, ಅವಳ ದನಗಳು ಪದವು ಹತ್ತದಂತೆ ನಿರ್ಣಯ ಮಾಡುವುದಿತ್ತು.

ಅಮ್ಮಣಿ ನೇರ ಅನ್ನಪೂರ್ಣೇಶ್ವರಿಯ ಮನೆಯ ಜಗಲಿಗೆ ಬಂದಳು. ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಪದವಿನ ಬುಡದಲ್ಲಿ ಮನೆ ಮಾಡಿದ್ದ ಈಕೆಯ ಬಳಿಗೆ ಊರಿನ ಕಳವು, ತಂಟೆಗಳೆಲ್ಲ ಬರುತ್ತಿದ್ದವು. ನೆರೆಮನೆಯ ಟೀಚರ್ ಸುಪ್ರೀತಾ ಪ್ರತಿ ಸಲವೂ ಜೊತೆಗಿರುತ್ತಿದ್ದಳು.

"ದನ ಹತ್ತಿದ್ದು ಹೌದಕ್ಕ. ಮೇಯಿಸಲಿಕ್ಕೆ ನನಗೆ ಬೇರೆ ಜಾಗ ಎಲ್ಲಿ ಉಂಟು? ಇದೂ ಹೋದರೆ ದನ ಮಾರಬೇಕಷ್ಟೆ."

"ಅಳುವುದು ಆಮೇಲೆ. ನಡಿ."

ಗೂಡಿನ ಬಳಿ ಅನ್ನಪೂರ್ಣೇಶ್ವರಿ ಮಂಡಿಯೂರಿ ಹುಲ್ಲಿನ ಬುಡಗಳನ್ನು ಸವರಿದಳು. ಎಲ್ಲವೂ ಒಂದೇ ಮಟ್ಟ, ತುದಿ ನುಣುಪು. ಗೂಡಿನ ಸುತ್ತ, ಅಲ್ಲಿಂದ ಒಂದು ಬಂಡೆಯ ತನಕ ಗೇಣಗಲದ ಪಟ್ಟಿಯಾಗಿ ಹುಲ್ಲು ಹೋಗಿತ್ತು. ಪಟ್ಟಿಯ ಆಚೀಚೆ ಹುಲ್ಲು ಹಾಗೇ ನಿಂತಿತ್ತು. ಬಂಡೆಯ ಹಿಂದೆ ಜಲ್ಲಿಮಣ್ಣಿನಲ್ಲಿ ಮೂರು ಗುಳಿಗಳು.

ಸಂಜೆ ಸಮಿತಿಯ ಕೋಣೆಯ ಗೋಡೆಯಲ್ಲಿ ಹೊಸ ಪೋಸ್ಟರ್ ಇತ್ತು: ಅದೇ ಗೂಡಿನ ಮೇಲೆ ರೆಕ್ಕೆ ಬಿಡಿಸಿ, ಕೊಕ್ಕು ತೆರೆದು ನಿಂತ ತಾಯಿಹಕ್ಕಿ. ಪಟ ತೆಗೆದದ್ದು ಸಮಿತಿಯ ಕಾರ್ಯದರ್ಶಿ ಪ್ರವೀತ್.

"ಎಷ್ಟು ಚಂದ ಹಾಡ್ತಾ ಉಂಟು!" ಎಂದಳು ಸುಪ್ರೀತಾ. ಬೆಳಿಗ್ಗೆ ಅದನ್ನೇ ಸ್ಟೇಟಸ್‌ಗೆ ಹಾಕಿದ್ದಳು.

ಅಧ್ಯಕ್ಷ ಕೇಶವಪ್ರಸಾದರು ನಿರ್ಣಯ ಓದಲು ಎದ್ದಾಗ ಅನ್ನಪೂರ್ಣೇಶ್ವರಿ ತಡೆದಳು.

"ದನ ನಾಲಗೆ ಸುತ್ತಿ ಹುಲ್ಲು ಎಳೆಯುತ್ತದೆ. ಬುಡ ಹರಕು ಮುರುಕಾಗುತ್ತದೆ. ಇದು ಕತ್ತರಿಯ ಕೆಲಸ. ಹಸಿದ ದನ ಗೇಣಗಲ ತಿಂದು ಪಕ್ಕದ್ದನ್ನು ಬಿಡುವುದೂ ಇಲ್ಲ. ಬಂಡೆಯ ಹಿಂದಿನ ಮೂರು ಗುಳಿ ಕ್ಯಾಮರಾದ ಮುಕ್ಕಾಲಿಯದ್ದು."

"ನಾನು ಪಟ ತೆಗೆಯುವಾಗ ಹುಲ್ಲು ಇತ್ತು," ಎಂದ ಪ್ರವೀತ್.

"ಈ ಪಟದಲ್ಲಿ ಹುಲ್ಲಿನ ಒಂದು ಎಸಳು ತೋರಿಸು ಮಾರಾಯ. ಹಕ್ಕಿ ಹಾಡುತ್ತಿಲ್ಲ. ರೆಕ್ಕೆಯಿಂದ ಮರಿಗಳಿಗೆ ನೆರಳು ಮಾಡಿ, ಸೆಕೆ ತಾಳದೆ ಬಾಯಿ ಬಿಟ್ಟದ್ದು. ಅಂದರೆ ನೆರಳು ಆಗಲೇ ಹೋಗಿತ್ತು. ಗೂಡು ಚೆನ್ನಾಗಿ ಕಾಣಲಿ ಅಂತ ಕತ್ತರಿಸಿದ್ದು ನೀನು."

ಪ್ರವೀತನ ಮುಖ ಕಪ್ಪಿಟ್ಟಿತು. "ಪಟ ಇಲ್ಲದಿದ್ದರೆ ಈ ಹಕ್ಕಿಯನ್ನು ಯಾರು ಕೇಳ್ತಾರೆ?"

"ಹೊರಗೆ ಗೊತ್ತಾದರೆ ಸಮಿತಿಯ ಮಾನ..." ಎಂದು ತೊದಲಿದರು ಅಧ್ಯಕ್ಷರು.

"ಅಮ್ಮಣಿಯ ಮಾನ ಊರಿಡೀ ಹೋಗಿ ಆಯ್ತಲ್ಲ? ನಿರ್ಣಯ ತಿದ್ದಿ ಬರೆಯಿರಿ," ಎಂದಳು ಅನ್ನಪೂರ್ಣೇಶ್ವರಿ.

ಕೇಶವಪ್ರಸಾದರು 'ಅಮ್ಮಣಿಯ ದನಗಳು' ಎಂಬುದರ ಮೇಲೆ ಗೀಟು ಎಳೆದು, ಪದವು ಹತ್ತಬಾರದವರ ಜಾಗದಲ್ಲಿ ಪ್ರವೀತನ ಹೆಸರು ಬರೆದರು.

ಬಾಗಿಲಲ್ಲಿ ನಿಂತಿದ್ದ ಅಮ್ಮಣಿ ಕೇಳಿದಳು: "ನನ್ನ ದನವನ್ನಾದರೆ ಹಗ್ಗ ಹಾಕಿ ಕಟ್ಟು ಅಂತಿದ್ರಿ. ಇವನನ್ನು ಎಂತದರಲ್ಲಿ ಕಟ್ತೀರಿ?"