ಅಣ್ಣನ ಶ್ರುತಿ

ಅಣ್ಣ ಬದುಕಿದ್ದಷ್ಟು ದಿನವೂ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗೇ ಹಾಡಿದ. ಹೇಳಿದರೆ, "ನಿನ್ನ ಕಿವೀನೇ ಸರಿಯಿಲ್ಲ, ಹೋಗೋ" ಅನ್ನುತ್ತಿದ್ದ. ಅವನ ಬಾಯಿ ಮುಚ್ಚಿಸಲೆಂದೇ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಮೈಕ್ ಬೆಸೆದು, ಶ್ರುತಿ ಅಳೆಯುವ ಯಂತ್ರ ಮಾಡತೊಡಗಿದೆ. ಅದು ಮುಗಿಯುವ ಮೊದಲೇ ಅವನು ಸತ್ತ.

ಮೊನ್ನೆ ಕೊನೆಗೂ ಅದನ್ನು ಮುಗಿಸಿದೆ. ಮಟಮಟ ಮಧ್ಯಾಹ್ನ, ಸದ್ದೇ ಇಲ್ಲದ ಕೋಣೆಯಲ್ಲಿ ಅದು 'ಸ' ತೋರಿಸಿತು, ಕೂದಲೆಳೆಯಷ್ಟು ಕಡಿಮೆ. ಕರೆಂಟಿನ ಗುಂಯ್ ಸದ್ದಿರಬೇಕೆಂದು ಬ್ಯಾಟರಿ ಹಾಕಿದೆ, ಅದೇ 'ಸ'. ರೇಗಿ ಮೈಕಿನ ತಂತಿಯನ್ನೇ ಕತ್ತರಿಸಿದೆ. ಪರದೆಯ ಅಂಕಿ ನಿಧಾನವಾಗಿ ಮೇಲೇರಿ ಸರಿಯಾದ ಶ್ರುತಿಗೆ ನಿಂತಿತು.

ಅಡುಗೆಮನೆಯಿಂದ ಅತ್ತಿಗೆ ಕೂಗಿದರು: "ನಿಮ್ಮಣ್ಣನ ರೆಕಾರ್ಡಿಂಗ್ ಎಲ್ಲಿ ಸಿಕ್ತಪ್ಪ? ಎಷ್ಟು ಚೆನ್ನಾಗಿ ಹಾಡ್ತಿದಾರೆ, ನಿಲ್ಲಿಸಬೇಡ!"

ಇವತ್ತಿಗೂ ಮನೆಮಂದಿಗೆಲ್ಲ ಆ ಹಾಡು ಕೇಳಿಸುತ್ತದೆ. ಕೇಳಿಸದಿರುವುದು ನನ್ನ ಕಿವಿಗೆ ಮಾತ್ರ.