ಹದಿಮೂರನೇ ತಿಂಗಳ ಟಿಕೆಟ್

ವೆಂಡೆಲ್ ಪ್ರೂಯಿಟ್ ಆಕೆಯನ್ನು ಮೊದಲ ದಿನವೇ ಗೂಢಚಾರಿಣಿ ಎಂದು ತೀರ್ಮಾನಿಸಿದ.

ತೀರ್ಮಾನಕ್ಕೆ ಆಧಾರವಿತ್ತು. ಒಮಾಹಾ ವಿಮಾನ ನಿಲ್ದಾಣದಲ್ಲಿ, ಗೇಟುಗಳಿಗೆ ಹೋಗುವ ದಾರಿಯ ಬದಿಗೆ, ಅವನ ಎತ್ತರದ ಮೇಜು. ಮೇಜಿನ ಮೇಲೆ ಅರ್ಜಿಗಳು, ಕೆಳಗೆ ಉಚಿತವಾಗಿ ಕೊಡುವ ನೀಲಿ ಕಂಬಳಿಗಳು. ನಡೆದು ಹೋಗುವವರನ್ನು ನಗುಮುಖದಿಂದ ತಡೆದು ಒಂದು ವಿಮಾನ ಕಂಪನಿಯ ಕ್ರೆಡಿಟ್ ಕಾರ್ಡಿಗೆ ಅರ್ಜಿ ತುಂಬಿಸುವುದು ಅವನ ಕೆಲಸ. ಗಂಟೆಗೆ ಹದಿನಾಲ್ಕು ಡಾಲರ್ ಸಂಬಳ, ಮಂಜೂರಾದ ಪ್ರತಿ ಅರ್ಜಿಗೆ ಮೂವತ್ತೈದು ಡಾಲರ್ ಕಮಿಷನ್. ಏಜೆಂಟರು ಕರಾರುಗಳನ್ನು ಸರಿಯಾಗಿ ಹೇಳುತ್ತಾರೋ ಇಲ್ಲವೋ ನೋಡಲು ಕಂಪನಿ ಆಗಾಗ ಪ್ರಯಾಣಿಕರ ವೇಷದಲ್ಲಿ ತಪಾಸಣೆಯವರನ್ನು ಕಳಿಸುತ್ತಿತ್ತು. ಮಾರ್ಚ್‌ನಲ್ಲಿ ಹಾಗೆ ಬಂದಿದ್ದ ಒಬ್ಬ ಮುದುಕನಿಂದಾಗಿ ಆಚೆ ಮೇಜಿನ ಹುಡುಗಿಯ ಕೆಲಸ ಹೋಗಿತ್ತು.

ಮಾಮೂಲಿ ಪ್ರಯಾಣಿಕರು ಎರಡೇ ಪ್ರಶ್ನೆ ಕೇಳುತ್ತಾರೆ. ಕಂಬಳಿ ಫ್ರೀನಾ? ಅರ್ಜಿ ತುಂಬೋಕೆ ಎಷ್ಟು ಹೊತ್ತು? ಈ ಹೆಂಗಸು ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಬಂದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕರಾರು ಪತ್ರವನ್ನು ಕೊನೆಯ ಪುಟದಿಂದ ಓದತೊಡಗಿದಳು.

"ಹಿಂದಿನಿಂದ ಓದ್ತಿದೀರಲ್ಲ ಮೇಡಂ."

"ಕೆಟ್ಟ ಸುದ್ದಿ ಎಲ್ಲ ಅಲ್ಲೇ ಇರತ್ತೆ. ಬಡ್ಡಿ ಎಷ್ಟು?"

ಎರಡು ವರ್ಷದಲ್ಲಿ ಆ ಪ್ರಶ್ನೆ ಕೇಳಿದವರೇ ಇರಲಿಲ್ಲ. ವೆಂಡೆಲ್‌ನ ಬೆನ್ನು ತಾನಾಗಿ ನೆಟ್ಟಗಾಯಿತು.

"ವರ್ಷಕ್ಕೆ ಇಪ್ಪತ್ತೊಂಬತ್ತು ಪರ್ಸೆಂಟ್. ಬಿಲ್ಲು ತಿಂಗಳು ತಿಂಗಳು ಪೂರ್ತಿ ಕಟ್ಟಿದ್ರೆ ಬಡ್ಡಿ ಇಲ್ಲ. ಬಾಕಿ ಉಳಿಸ್ಕೊಂಡ್ರೆ ಪಾಯಿಂಟುಗಳಿಂದ ಬಂದ ಲಾಭನೆಲ್ಲ ಬಡ್ಡಿ ತಿಂದುಹಾಕತ್ತೆ."

"ವರ್ಷದ ಫೀಸು?"

"ಮೊದಲನೇ ವರ್ಷ ಇಲ್ಲ. ಆಮೇಲೆ ನೂರೈವತ್ತು ಡಾಲರ್."

"ಅರವತ್ತು ಸಾವಿರ ಪಾಯಿಂಟ್ ಅಂತ ಇಷ್ಟು ದಪ್ಪಕ್ಕೆ ಬರ್ದಿದೀರ. ಅದರಲ್ಲಿ ಎಷ್ಟು ಸಲ ಹೋಗಿ ಬರಬಹುದು?"

"ಊರಿನ ಮೇಲೆ, ದಿನದ ಮೇಲೆ ಹೋಗತ್ತೆ. ರೇಟು ದಿನಾ ಬದಲಾಗತ್ತೆ. ಅದೂ ಮೂರು ತಿಂಗಳಲ್ಲಿ ಮೂರು ಸಾವಿರ ಡಾಲರ್ ಖರ್ಚು ಮಾಡಿದ್ರೆ ಮಾತ್ರ ಸಿಗತ್ತೆ, ಮೇಡಂ."

ಆಕೆ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. ಬೂದು ಬಣ್ಣದ ಕಣ್ಣುಗಳು, ತಕ್ಕಡಿಯ ಮುಳ್ಳು ನಿಲ್ಲಲಿ ಎಂದು ಕಾಯುವವರ ನೋಟ. ವೆಂಡೆಲ್ ತನ್ನ ಕಾಲರ್ ಸರಿಮಾಡಿಕೊಂಡ. ಅದನ್ನೂ ಆಕೆ ಗಮನಿಸಿದಳು.

"ನಿಮ್ಮ ಮಾಲನ್ನ ನೀವೇ ಬೈತಿದೀರಲ್ಲ."

"ಕೇಳಿದ್ರಿ, ಹೇಳಿದೆ."

"ಇಪ್ಪತ್ತೆರಡು ವರ್ಷ ವ್ಯಾಪಾರದವರ ಜೊತೆ ಏಗಿದೀನಿ. ಹೀಗೆ ಹೇಳಿದವರು ನೀವೇ ಮೊದಲು."

ಅರ್ಜಿ ತುಂಬದೆ, ಕಂಬಳಿಯನ್ನೂ ಮುಟ್ಟದೆ ಹೊರಟುಹೋದಳು. ಪೂರ್ತಿ ಅಂಕ ಬಂದಿರಬೇಕು ಎಂದುಕೊಂಡು ವೆಂಡೆಲ್ ಉಸಿರು ಬಿಟ್ಟ.

ಮೂರು ವಾರದ ನಂತರ, ಮತ್ತೆ ಮಂಗಳವಾರವೇ, ಆಕೆ ಅವನ ಮೇಜಿನ ಮೇಲೆ ಒಂದು ಹಾಳೆ ಬಿಡಿಸಿದಳು. ನಡುವೆ ಗೆರೆ. ಎಡಕ್ಕೆ ಲಾಭ, ಬಲಕ್ಕೆ ನಷ್ಟ. ಮೂಲೆಯಲ್ಲಿ ಹೆಸರು: ಡೊರೀನ್ ಸ್ವೊಬೊಡಾ.

"ಮೊದಲ ಬ್ಯಾಗು ಫ್ರೀ ಅನ್ನೋದನ್ನ ಹೊಡೆದುಹಾಕಿದೀನಿ," ಎಂದಳು. "ನನ್ನ ಹತ್ರ ಇರೋದು ಈ ಒಂದು ಹೆಗಲ ಚೀಲ. ಈಗ ಇದು ಹೇಳಿ, ಪ್ರಯಾಣ ರದ್ದಾದ್ರೆ ವಿಮೆ ಅಂತಿದೆಯಲ್ಲ, ಕಾಯಿಲೆಯಿಂದ ರದ್ದಾದ್ರೂ ಕೊಡ್ತಾರಾ?"

"ಟಿಕೆಟ್ ತಗೊಳ್ಳೋಕೆ ಮುಂಚೆನೇ ಇದ್ದ ಕಾಯಿಲೆಗೆ ಕೊಡಲ್ಲ," ಎಂದು ವೆಂಡೆಲ್ ಪಾಠ ಒಪ್ಪಿಸಿದ.

ಆಕೆ ಬಲಗಡೆ ಬರೆಯಲು ಬಗ್ಗಿದಾಗ ಅಂಗಿಯ ತೋಳು ಮೇಲೆ ಸರಿಯಿತು. ಮಣಿಕಟ್ಟಿನಲ್ಲಿ ಒಮಾಹಾ ಆಸ್ಪತ್ರೆಯ ಪ್ಲಾಸ್ಟಿಕ್ ಪಟ್ಟಿ, ಹಿಂದಿನ ದಿನದ ತಾರೀಖು. ಕಾಲರ್ ಮೂಳೆಯ ಕೆಳಗೆ, ಚರ್ಮದ ಒಳಗೆ, ಔಷಧಿ ಹಾಯಿಸಲು ಇಟ್ಟ ಗುಂಡಿಯ ಉಬ್ಬು. ವೆಂಡೆಲ್‌ನ ತಾಯಿಗೂ ಅಂಥದೊಂದು ಇತ್ತು.

ತಪಾಸಣೆಗೆ ಬಂದವಳಲ್ಲ ಎಂದು ಅವನಿಗೆ ಆಗ ಗೊತ್ತಾಯಿತು.

"ಮೇದೋಜೀರಕದ ಕ್ಯಾನ್ಸರ್," ಎಂದಳು ಡೊರೀನ್, ಅವನ ನೋಟ ಎಲ್ಲಿದೆಯೆಂದು ಕಂಡು. "ಹ್ಯೂಸ್ಟನ್‌ನಲ್ಲಿ ಹೊಸ ಔಷಧಿಯ ಪ್ರಯೋಗ ನಡೀತಿದೆ. ಮೂರು ವಾರಕ್ಕೊಂದು ಸಲ. ಔಷಧಿ ಅವರದು, ಟಿಕೆಟ್ ನಂದು. ಔಷಧಿ ಕೊಟ್ಟ ಮೇಲೆ ಒಬ್ಬಳನ್ನೇ ಹೊರಗೆ ಬಿಡಲ್ಲ, ಕೈ ಹಿಡಿದುಕೊಂಡು ಹೋಗೋಕೆ ದೊಡ್ಡವರು ಯಾರಾದ್ರೂ ಬೇಕು. ಅಕ್ಕ ಎರಡು ಸಲ ಬಂದ್ಲು. ಸ್ಕೂಲಿನ ಅಡುಗೆಮನೇಲಿ ಕೆಲಸ ಅವಳಿಗೆ, ರಜೆ ಮುಗೀತು. ಹೋದ ಸಲ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಒಬ್ಬ ಹೆಂಗಸನ್ನ ಕರೆಸ್ಕೊಂಡೆ. ಹೋಟೆಲ್ ಬಾಗಿಲ ತನಕ ಫೋನಲ್ಲೇ ಮಾತಾಡ್ತಿದ್ಲು."

ಪೆನ್ನಿನ ತುದಿಯನ್ನು ಎಡಗಡೆಯ ಕೊನೆಯ ಸಾಲಿನ ಮೇಲಿಟ್ಟಳು. ಜೊತೆಗಾರರ ಟಿಕೆಟ್: ಕಾರ್ಡಿನವರ ಜೊತೆ ಹೋಗುವ ಒಬ್ಬರಿಗೆ ವರ್ಷಕ್ಕೊಂದು ಸಲ ಬರೀ ತೆರಿಗೆ ಕಟ್ಟಿದರೆ ಸೀಟು.

"ನಾನು ಬಂದಿರೋದು ಇದೊಂದಕ್ಕೆ. ಯಾವಾಗ ಸಿಗತ್ತೆ?"

ಈ ಪ್ರಶ್ನೆಗೆ ಕಂಪನಿ ಕಲಿಸಿದ್ದ ಉತ್ತರ 'ಪ್ರತಿ ವರ್ಷ' ಎಂಬುದು. ಅದು ಸುಳ್ಳೂ ಅಲ್ಲ. ಪಕ್ಕದ ಕಂಬದ ಬಳಿ ಮೇಲ್ವಿಚಾರಕಿ ಗ್ಲೆಂಡಾ ಕಾಫಿ ಹಿಡಿದು ನಿಂತಿದ್ದಳು.

"ಮೊದಲನೇ ವರ್ಷ ಮುಗಿದು, ಎರಡನೇ ವರ್ಷದ ಫೀಸು ಕಟ್ಟಿದ ಮೇಲೆ," ಎಂದ ವೆಂಡೆಲ್. "ಹದಿಮೂರನೇ ತಿಂಗಳು."

"ಹದಿಮೂರು."

"ಹೌದು."

"ಡಾಕ್ಟರು ಒಂಬತ್ತು ಅಂದಿದಾರೆ. ಅದರಲ್ಲಿ ಎರಡು ಆಗ್ಲೇ ಆಯ್ತು." ಆಕೆಯ ದನಿಯಲ್ಲಿ ಏರಿಳಿತವಿರಲಿಲ್ಲ. ಅವನ ಎದೆಯ ಮೇಲಿನ ಹೆಸರಿನ ಬಿಲ್ಲೆ ಓದಿದಳು. "ಮಿಸ್ಟರ್ ಪ್ರೂಯಿಟ್, ನೀವು ನನ್ನ ಜಾಗದಲ್ಲಿದ್ರೆ?"

"ತಗೋಬೇಡಿ."

ಆಕೆ ಪೆನ್ನಿಗೆ ಮುಚ್ಚಳ ಹಾಕಿದಳು. ಹೋಗುವಾಗ ಒಂದು ಕ್ಷಣ ಅವನ ಕೈ ಮೇಲೆ ತನ್ನ ಕೈಯಿಟ್ಟಳು. ಬೆರಳುಗಳು ತಣ್ಣಗಿದ್ದವು.

ಗ್ಲೆಂಡಾ ಬಂದಳು. "ತಲೆ ಕೆಟ್ಟಿದೆಯೇನೋ ನಿಂಗೆ? ತಗೋಬೇಡಿ ಅಂತ ಹೇಳಿ ಯಾರಾದ್ರೂ ಮಾರ್ತಾರಾ?"

"ಆಕೆ ತಪಾಸಣೆಯವಳಲ್ಲ, ಗ್ಲೆಂಡಾ."

"ತಪಾಸಣೆಯವಳಲ್ಲ ಅಂದ್ಮೇಲೆ ನಿಜ ಹೇಳೋ ದರ್ದೇನಿತ್ತು?" ಎಂದು ಆಕೆ ಎಚ್ಚರಿಕೆ ಪತ್ರಕ್ಕೆ ಸಹಿ ಹಾಕಿಸಿಕೊಂಡಳು. ಇನ್ನೊಂದು ಬಂದರೆ ಕೆಲಸ ಇಲ್ಲ.

ಮುಂದಿನ ಮೂರು ವಾರ ವೆಂಡೆಲ್ ದಿನ ಎಣಿಸಿದ. ಅವನಿಗೆ ಐವತ್ತೊಂದು. ಜಾಹೀರಾತು ವಿಭಾಗದಲ್ಲಿ ದುಡಿದಿದ್ದ ಪತ್ರಿಕೆ ಮುಚ್ಚಿ ಆರು ವರ್ಷ, ಮದುವೆ ಮುರಿದು ಹನ್ನೊಂದು ವರ್ಷ. ಎಣಿಸುವಂಥ ದಿನಗಳು ಅವನ ಬದುಕಿನಲ್ಲಿ ಬಂದು ಬಹಳ ಕಾಲವಾಗಿತ್ತು.

ಆ ಮಂಗಳವಾರ ಡೊರೀನ್‌ಗೆ ಮೇಜಿನ ಬಳಿ ನಿಲ್ಲಲು ಕಾರಣವೇ ಇರಲಿಲ್ಲ. ಆದರೂ ನಿಂತಳು. ಕಾಗದದ ಪೊಟ್ಟಣದಲ್ಲಿ ಗಸಗಸೆ ತುಂಬಿದ ಕೊಲಾಚ್ ಬನ್ನುಗಳಿದ್ದವು, ಅಕ್ಕ ಮಾಡಿದ್ದು.

"ನಾನು ತಿನ್ನೋ ಹಾಗಿಲ್ಲ. ತಿನ್ನೋರನ್ನ ನೋಡಬಹುದು. ತಿನ್ನಿ."

ಅವನು ಕಚ್ಚಿದ. ಆಕೆ ಕನ್ನಡಕ ಇಳಿಸಿ ಅವನ ಮುಖವನ್ನು ಪರೀಕ್ಷಿಸಿದಳು.

"ಕ್ಷೌರ ಮಾಡಿಸ್ಕೊಂಡಿದೀರ. ಶರ್ಟು ಇಸ್ತ್ರಿ ಆಗಿದೆ. ಮಂಗಳವಾರ ಏನ್ ವಿಶೇಷ?"

"ಮಂಗಳವಾರ ಮಾರಾಟ ಜಾಸ್ತಿ."

"ಸುಳ್ಳು. ನಾನಿದ್ದಾಗ ನೀವು ಒಂದು ಕಾರ್ಡೂ ಮಾರಿಲ್ಲ."

ಅವನ ಕಿವಿ ಕೆಂಪಾಯಿತು. ಅದನ್ನು ನೋಡಿ ಆಕೆ ನಕ್ಕಳು. ನಕ್ಕರೆ ಕೆನ್ನೆಯ ಎಲುಬು ಇನ್ನೂ ಚೂಪಾಗಿ ಕಾಣುತ್ತಿತ್ತು. ರಾಜ್ಯದ ತೂಕ ಮತ್ತು ಅಳತೆ ಇಲಾಖೆಯಲ್ಲಿ ತಾನು ಇನ್ಸ್‌ಪೆಕ್ಟರ್ ಎಂದು ಹೇಳಿದಳು. ಪೆಟ್ರೋಲ್ ಬಂಕಿನ ಪಂಪುಗಳು, ಮಾಂಸದಂಗಡಿಯ ತಕ್ಕಡಿಗಳು, ಧಾನ್ಯದ ಗೋದಾಮುಗಳು. ಇಪ್ಪತ್ತೆರಡು ವರ್ಷ ಮೋಸ ಹುಡುಕಿ ಸಂಬಳ ಪಡೆದವಳು.

"ಕೊನೆಗೆ ನೋಡಿ," ಎಂದಳು ಮೆಲ್ಲಗೆ, ಬೇರೆ ಕಡೆ ನೋಡುತ್ತ. "ಸತ್ಯ ಹೇಳೋ ಒಬ್ಬ ಗಂಡಸು ಸಿಕ್ಕ. ಕಾರ್ಡ್ ಮಾರೋ ಮೇಜಿನ ಹಿಂದೆ. ಅದೂ ಈಗ."

ಸುಮ್ಮನಿದ್ದುಬಿಟ್ಟಿದ್ದರೆ ಆಗುತ್ತಿತ್ತು. ಅವನು ಕಚ್ಚಿದ ಬನ್ನನ್ನು ಮೇಜಿನ ಮೇಲಿಟ್ಟ.

"ಡೊರೀನ್, ಮೊದಲ ದಿನ ನಿಮ್ಮನ್ನ ಕಂಪನಿ ತಪಾಸಣೆಗೆ ಕಳಿಸಿದವರು ಅಂದ್ಕೊಂಡಿದ್ದೆ. ಅದಕ್ಕೇ ಎಲ್ಲ ಬಾಯಿಬಿಟ್ಟೆ. ಬೇರೆಯವರಿಗೆ ನಾನು ಬಡ್ಡಿ ವಿಷಯ ಎತ್ತೋದೇ ಇಲ್ಲ."

ಆಕೆಯ ಮುಖ ಬದಲಾಗಲಿಲ್ಲ. ಕನ್ನಡಕ ಮಾತ್ರ ಮೇಲಕ್ಕೇರಿತು.

"ಅಂದ್ರೆ ಅವತ್ತು ಸತ್ಯ ಹೇಳಿದ್ದು ಭಯಕ್ಕೆ."

"ಹೌದು."

"ಬೇರೆಯವರಿಗೆ?"

"ಕಂಬಳಿ ಬಗ್ಗೆ ಹೇಳ್ತೀನಿ."

ಡೊರೀನ್ ಪೊಟ್ಟಣವನ್ನು ಅಲ್ಲೇ ಬಿಟ್ಟು ಗೇಟಿನತ್ತ ನಡೆದಳು. ತಿರುಗಿ ನೋಡಲಿಲ್ಲ.

ಮೂರು ವಾರದ ಮೇಲೆ, ಮಂಗಳವಾರದ ಸರದಿಗೆ ಆಕೆ ಬರಲಿಲ್ಲ. ಹ್ಯೂಸ್ಟನ್ ವಿಮಾನದ ಕೊನೆಯ ಕರೆಯವರೆಗೂ ವೆಂಡೆಲ್ ದಾರಿ ನೋಡಿದ. ಆಮೇಲೆ ಪ್ರತಿದಿನ ಪತ್ರಿಕೆಯ ನಿಧನ ವಾರ್ತೆಗಳ ಪುಟ ತೆರೆದು, ಇಂಗ್ಲಿಷ್ ಎಸ್ ಅಕ್ಷರದ ಹೆಸರುಗಳವರೆಗೆ ಬೆರಳಾಡಿಸಿದ. ಅವನ ಬಳಿ ಆಕೆಯ ಫೋನ್ ನಂಬರೂ ಇರಲಿಲ್ಲ. ಅರ್ಜಿ ತುಂಬಿದ್ದರೆ ಇರುತ್ತಿತ್ತು. ಆ ಇಪ್ಪತ್ತೊಂದು ದಿನಗಳಲ್ಲಿ ಮೇಜಿಗೆ ಬಂದ ಪ್ರತಿಯೊಬ್ಬರಿಗೂ ಅವನು ಬಡ್ಡಿಯ ದರವನ್ನು ಮೊದಲು ಹೇಳಿದ. ಒಟ್ಟು ಒಂಬತ್ತು ಕಾರ್ಡ್ ಮಾರಾಟವಾದವು. ಗ್ಲೆಂಡಾ ಎರಡನೇ ಪತ್ರ ಬರೆಯುತ್ತಿದ್ದೇನೆಂದು ಹೇಳಿದಳು.

ನಂತರದ ಸರದಿಗೆ ಡೊರೀನ್ ಗಾಲಿಕುರ್ಚಿಯಲ್ಲಿ ಬಂದಳು. ನಿಲ್ದಾಣದ ನೌಕರನೊಬ್ಬ ತಳ್ಳುತ್ತಿದ್ದ. ತಲೆಗೆ ಹಸಿರು ವಸ್ತ್ರ, ಚರ್ಮ ಹಳದಿ. ಮೇಜಿನ ಮುಂದೆ ಕೈಯೆತ್ತಿ ನಿಲ್ಲಿಸಿದಳು.

"ಸತ್ತೆ ಅಂದ್ಕೊಂಡ್ರಾ?"

"ದಿನಾ ಪೇಪರ್ ನೋಡ್ತಿದ್ದೆ."

"ಇಲ್ಲೇ ಆಸ್ಪತ್ರೇಲಿದ್ದೆ, ಸೋಂಕು. ಮಲಗಿ ಮಲಗಿ ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡೆ. ಬೇರೆ ಕೆಲಸ ಇರಲಿಲ್ಲ." ಉಸಿರಿಗಾಗಿ ನಿಲ್ಲಿಸಿದಳು. "ಆಮೇಲೆ ಯೋಚನೆ ಮಾಡ್ದೆ. ಪಂಪಿನವನು ಒಂದು ಗ್ಯಾಲನ್ ಸರಿಯಾಗಿ ಹಾಕೋದು ನನ್ನ ಭಯಕ್ಕೆ. ಇಪ್ಪತ್ತೆರಡು ವರ್ಷ ಆ ಭಯದಿಂದಲೇ ನನ್ನ ಹೊಟ್ಟೆ ತುಂಬಿದ್ದು. ಭಯಕ್ಕೆ ಹಾಕಿದ್ರೂ ಗ್ಯಾಲನ್ ಗ್ಯಾಲನ್ನೇ. ಆದ್ರೆ ಎರಡನೇ ದಿನ ತಗೋಬೇಡಿ ಅಂದ್ರಲ್ಲ, ಅವತ್ತೂ ಭಯನಾ?"

"ಇಲ್ಲ. ಅಷ್ಟೊತ್ತಿಗೆ ನಿಮ್ಮ ಕೈಪಟ್ಟಿ ನೋಡಿದ್ದೆ."

"ಮತ್ತೆ ಆವತ್ತು ಬನ್ನು ತಿಂತಾ ಆ ಭಾಷಣ ಯಾಕೆ? ಸುಮ್ನಿದ್ದಿದ್ರೆ ನಂಗೆ ಆರು ವಾರ ಖುಷಿ ಇರ್ತಿತ್ತು."

"ಸುಳ್ಳಿನ ಮೇಲೆ ನಿಮ್ಮನ್ನ ಪ್ರೀತಿಸೋಕೆ ಮನಸ್ಸಾಗಲಿಲ್ಲ."

ಹೇಳಿದ ಮೇಲೆಯೇ ತಾನು ಏನು ಹೇಳಿದೆನೆಂದು ಅವನಿಗೆ ಕೇಳಿಸಿತು. ಕುರ್ಚಿ ತಳ್ಳುತ್ತಿದ್ದ ನೌಕರ ಛಾವಣಿಯ ದೀಪಗಳನ್ನು ನೋಡತೊಡಗಿದ.

ಡೊರೀನ್ ಕನ್ನಡಕ ತೆಗೆದು ಮಡಿಲಲ್ಲಿಟ್ಟಳು.

"ಔಷಧಿ ಕೆಲಸ ಮಾಡ್ತಿಲ್ಲ, ವೆಂಡೆಲ್. ಗಡ್ಡೆ ಬೆಳೆದಿದೆ. ಇವತ್ತು ಕೊನೇ ಪರೀಕ್ಷೆ, ಒಂದಿಷ್ಟು ಸಹಿ. ಪ್ರಯೋಗದಿಂದ ನನ್ನ ಹೆಸರು ತೆಗೀತಾರೆ. ಆ ಮಾತು ಕೇಳೋವಾಗ ಪಕ್ಕದಲ್ಲಿ ಯಾರೂ ಇಲ್ಲದಿದ್ರೆ..." ಮಾತು ಅಲ್ಲಿಗೇ ನಿಂತಿತು. ಆಕೆ ಯಾರನ್ನೂ ಏನನ್ನೂ ಬೇಡಿ ಅಭ್ಯಾಸವಿದ್ದವಳಲ್ಲ.

ವಿಮಾನ ಹೊರಡಲು ಎಪ್ಪತ್ತು ನಿಮಿಷವಿತ್ತು. ವೆಂಡೆಲ್ ಫೋನಿನಲ್ಲಿ ನೋಡಿದ. ನಾನೂರ ಹನ್ನೆರಡು ಡಾಲರ್, ಮೂವತ್ತೊಂದನೇ ಸಾಲು, ಶೌಚಾಲಯದ ಪಕ್ಕ. ಕೊಂಡ.

"ಗ್ಲೆಂಡಾ, ನಾನು ಹೊರಟೆ."

"ಎಲ್ಲಿಗೆ? ಬ್ರೇಕ್ ಹತ್ತು ಗಂಟೆಗೆ!"

"ಹ್ಯೂಸ್ಟನ್‌ಗೆ."

ನೌಕರರ ಗುರುತಿನ ಚೀಟಿಯಲ್ಲಿ ಪ್ರಯಾಣಿಕರಾಗಿ ವಿಮಾನ ಹತ್ತುವಂತಿಲ್ಲ. ಅದನ್ನು ಗ್ಲೆಂಡಾಳ ಕೈಗಿಟ್ಟು ಅವನು ಹೊರಗೆ ಹೋದ, ಶೂ ಬಿಚ್ಚಿ, ಬೆಲ್ಟು ಬಿಚ್ಚಿ, ಎಲ್ಲರ ಹಿಂದೆ ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಂತು ಮತ್ತೆ ಒಳಗೆ ಬಂದ. ಗೇಟು ಮುಚ್ಚಲು ಆರು ನಿಮಿಷ ಬಾಕಿಯಿತ್ತು. ವಿಮಾನದೊಳಗೆ ಡೊರೀನ್‌ಳ ಪಕ್ಕದಲ್ಲಿ ಕುಳಿತಿದ್ದ ಟೈರ್ ವ್ಯಾಪಾರಿ ಇಬ್ಬರನ್ನೂ ಒಮ್ಮೆ ನೋಡಿ, ಏನೂ ಕೇಳದೆ ಎದ್ದು ಮೂವತ್ತೊಂದನೇ ಸಾಲಿಗೆ ಹೋದ.

ವಿಮಾನ ಮೋಡ ದಾಟಿತು. ಅರಳಿದ ಬೆಳಕು ಆಕೆಯ ಹಳದಿ ಕೈಯ ಮೇಲೆ ಬಿತ್ತು. ಆಕೆ ಆ ಕೈಯನ್ನು ಅವನ ಅಂಗೈಯಲ್ಲಿಟ್ಟಳು.

"ಕೆಲಸ ಹೋಯ್ತಲ್ಲ ನಿಂದು."

"ಹೋಯ್ತು."

"ವಾಪಸ್ ಬಂದ ಮೇಲೆ ಆಸ್ಪತ್ರೆಗೆ ಹೋಗಲ್ಲ ನಾನು. ಮನೇಲೇ ಇರ್ತೀನಿ. ನರ್ಸು ದಿನಕ್ಕೆ ಒಂದು ಗಂಟೆ ಬರ್ತಾಳಂತೆ." ಕಿಟಕಿಯ ಕಡೆ ಮುಖ ಮಾಡಿದಳು. "ನೀನು ಬರೋದಾದ್ರೆ ಬೆಳಿಗ್ಗೆ ಬಾ. ಮಧ್ಯಾಹ್ನದ ಮೇಲೆ ವಾಂತಿ, ನೋವು, ಆಮೇಲೆ ನಿದ್ದೆ ಮಾತ್ರೆ. ನೋಡೋ ಹಾಗಿರಲ್ಲ."

"ಬೆಳಿಗ್ಗೆ ಬರ್ತೀನಿ," ಎಂದ ವೆಂಡೆಲ್. "ಮಧ್ಯಾಹ್ನವೂ ಇರ್ತೀನಿ."

ಹ್ಯೂಸ್ಟನ್‌ನಲ್ಲಿ ಬಾಗಿಲು ತೆರೆದು ಎಲ್ಲರೂ ಇಳಿದ ಮೇಲೂ ಆಕೆ ಅವನ ಕೈ ಬಿಡಲಿಲ್ಲ.